ಹುಟ್ಟುವ ಮೊದಲೇ ಮಗುವಿನ ಮುಖ ತೋರಿಸುವ ಎಐ ಆ್ಯಪ್: ಬಸುರಿ ಇರುವ ಮನೆಗೆ ಬೇಡ

ಗಂಡ ಹೆಂಡತಿಯ ಒಂದೊಂದು ಫೋಟೋ ಕೊಟ್ಟರೆ ಸಾಕು, ಹುಟ್ಟಲಿರುವ ಮಗು ಹೇಗಿರುತ್ತದೆ ಅಂತ ಎಐ ತೋರಿಸುತ್ತದೆ. ಇಂಥ ಆ್ಯಪ್‌ಗಳು ಈಗ ಪ್ಲೇ ಸ್ಟೋರ್ ತುಂಬ ಇವೆ. ಹೆಸರು ಬೇರೆ ಬೇರೆ, ಒಳಗಿನ ಕೆಲಸ ಹೆಚ್ಚುಕಡಿಮೆ ಒಂದೇ. ನಮ್ಮ ಮನೆಯಲ್ಲಿ ಬಳಸಿದ್ದು ರೀಲ್ಸ್ ನಡುವೆ ಆಗಾಗ ಜಾಹೀರಾತು ಬರುವ ಒಂದನ್ನು. ಅದರ ಹೆಸರು ಬರೆಯುವುದಿಲ್ಲ, ಯಾಕೆಂದರೆ ಇಲ್ಲಿ ಹೇಳುವ ಮಾತು ಅದೊಂದಕ್ಕೇ ಸೇರಿದ್ದಲ್ಲ. ಹೊಸತಾಗಿ ಮದುವೆಯಾದವರು ಇಬ್ಬರೇ ಕೂತು ನೋಡಿ ನಗಾಡುವುದಕ್ಕಾದರೆ ಅಡ್ಡಿಯಿಲ್ಲ. ಬಸುರಿ ಇರುವ ಮನೆಗೆ ಮಾತ್ರ ತರಬೇಡಿ. ದುಡ್ಡು ಕೊಟ್ಟಂತೂ ತರಲೇಬೇಡಿ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ನನ್ನ ತಂಗಿಗೆ ಈಗ ಏಳು ತಿಂಗಳು. ಅವಳನ್ನು ಕೊಟ್ಟದ್ದು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಸೀಮಂತಕ್ಕೆ ಎರಡೂ ಕಡೆಯ ನೆಂಟರು ಸೇರಿದ್ದರು. ಊಟ ಮುಗಿದು ಎಲೆ ಅಡಿಕೆ ತಟ್ಟೆ ಸುತ್ತು ಬರುವ ಹೊತ್ತಿಗೆ ಭಾವನ ಚಿಕ್ಕಪ್ಪನ ಮಗ ಫೋನ್ ತೆಗೆದು ಇಬ್ಬರ ಮುಖದ ಫೋಟೋ ಹಿಡಿದ. ಇಬ್ಬರನ್ನೂ ಕೇಳಿಯೇ ಹಿಡಿದ, ಅದನ್ನು ಹೇಳಬೇಕು. ಸ್ವಲ್ಪ ಹೊತ್ತಿನಲ್ಲಿ ಚಿತ್ರ ಬಂತು. ದುಂಡು ಮುಖ, ಗುಂಗುರು ಕೂದಲು, ದೊಡ್ಡ ದೊಡ್ಡ ಕಣ್ಣು. ಹಾಲಿನಂಥ ಬಣ್ಣ. ಹಣೆಯ ಮೇಲೆ ಒಂದು ಸಣ್ಣ ಚುಕ್ಕೆ. ಎಲ್ಲರಿಗೂ ಖುಷಿಯೋ ಖುಷಿ. ಆ ಚುಕ್ಕೆ ನೋಡಿ ಅಜ್ಜಿಯೊಬ್ಬರು "ದೃಷ್ಟಿಬೊಟ್ಟು ಸಹ ಇಟ್ಟಿದ್ದಾರೆ" ಅಂದರು. ನಾನು ದೊಡ್ಡದು ಮಾಡಿ ನೋಡಿದೆ. ತಂಗಿಯ ಹಣೆಯ ಕುಂಕುಮ ಅದು. ಆ್ಯಪ್ ಅದನ್ನೂ ಮುಖದ ಭಾಗ ಅಂತಲೇ ಹಿಡಿದು ಮಗುವಿಗೆ ಕೊಟ್ಟಿತ್ತು. ಅವಳ ಮೂಗುತಿಯೂ ಹಾಗೆಯೇ, ಮಗುವಿನ ಮೂಗಿನ ಎಡಬದಿಯಲ್ಲಿ ಮಚ್ಚೆಯಂತೆ ಕೂತಿತ್ತು.

ಆವಾಗಲೇ ನನಗೆ ಇದನ್ನು ಸರಿಯಾಗಿ ಪರೀಕ್ಷೆ ಮಾಡಬೇಕು ಅನ್ನಿಸಿದ್ದು. ಉತ್ತರ ಗೊತ್ತಿರುವ ಲೆಕ್ಕವನ್ನೇ ಕೊಟ್ಟು ನೋಡಬೇಕಲ್ವಾ? ನಮ್ಮ ಅಪ್ಪ ಅಮ್ಮನ ಮದುವೆ ಫೋಟೋ ಉಂಟು, ಕಾಸರಗೋಡು ಪೇಟೆಯ ಸ್ಟುಡಿಯೋದಲ್ಲಿ ತೆಗೆದದ್ದು. ಅದನ್ನು ಸ್ಕ್ಯಾನ್ ಮಾಡಿ ಇಬ್ಬರ ಮುಖವನ್ನೂ ಬೇರೆ ಬೇರೆ ಕತ್ತರಿಸಿ ಹಾಕಿದೆ. ಆ ದಂಪತಿಗೆ ಮೂವರು ಮಕ್ಕಳು: ಅಣ್ಣ, ನಾನು, ತಂಗಿ. ಮೂವರ ಬಾಲ್ಯದ ಫೋಟೋಗಳೂ ಆಲ್ಬಂನಲ್ಲಿವೆ. ಆ್ಯಪ್ ಕೊಟ್ಟ ಮಗು ನಮ್ಮಲ್ಲಿ ಯಾರ ಹಾಗೂ ಇರಲಿಲ್ಲ. ಸ್ವಲ್ಪವೂ ಇಲ್ಲ. ಅಪ್ಪನ ಕಿವಿ ಅಗಲ, ಮುಂದಕ್ಕೆ ಚಾಚಿದ ಕಿವಿ. ನಾವು ಮೂವರೂ ಅದನ್ನು ಹಾಗೆಯೇ ಹೊತ್ತುಕೊಂಡು ಬಂದಿದ್ದೇವೆ, ಶಾಲೆಯಲ್ಲಿ ಹಿಂದಿನಿಂದ ನೋಡಿದರೂ ಒಂದೇ ಮನೆಯವರು ಅಂತ ಗೊತ್ತಾಗುತ್ತಿತ್ತು. ಆ್ಯಪಿನ ಮಗುವಿಗೆ ಕಿವಿ ತಲೆಗೆ ಅಂಟಿದ ಹಾಗೆ ಪುಟ್ಟದು, ಅರ್ಧ ಕೂದಲಲ್ಲಿ ಮುಚ್ಚಿಹೋಗಿತ್ತು. ಅಣ್ಣನ ಅಗಲ ಹಣೆ ಅಮ್ಮನ ಅಪ್ಪನದ್ದು. ಆ ಅಜ್ಜನ ಫೋಟೋವನ್ನು ಆ್ಯಪ್ ಕೇಳುವುದೇ ಇಲ್ಲ.

ಆಮೇಲೆ ಅದೇ ಅಪ್ಪ ಅಮ್ಮನ ಇನ್ನೊಂದು ಫೋಟೋ ಹಾಕಿದೆ, ಮಧೂರು ದೇವಸ್ಥಾನದ ಎದುರು ಬಿಸಿಲಲ್ಲಿ ನಿಂತು ತೆಗೆಸಿಕೊಂಡದ್ದು. ಬೇರೆಯೇ ಮಗು ಬಂತು. ಗಲ್ಲ ಬೇರೆ, ಹುಬ್ಬು ಬೇರೆ, ಮೂಗೂ ಬೇರೆ. ಅಪ್ಪ ಅಮ್ಮ ಅವರೇ, ಬದಲಾದದ್ದು ಬೆಳಕು ಮತ್ತು ಮುಖ ತಿರುಗಿಸಿದ ರೀತಿ ಮಾತ್ರ. ಒಂದೇ ಜೋಡಿ ಫೋಟೋವನ್ನು ಇನ್ನೊಮ್ಮೆ ಕೊಟ್ಟು ಬಟನ್ ಒತ್ತಿದರೂ ಮಗು ಬದಲಾಗುತ್ತದೆ. ನೀವೂ ಮಾಡಿ ನೋಡಬಹುದು. ಯಾರಾದರೂ ಮನೆಯಲ್ಲಿ ಆ ಚಿತ್ರವನ್ನು ನಂಬಿ ಕೂತಿದ್ದರೆ ಅವರ ಎದುರೇ ಎರಡು ಸಲ ಒತ್ತಿ ತೋರಿಸಿ. ಬೇರೆ ವಿವರಣೆ ಬೇಕಾಗುವುದಿಲ್ಲ.

ಯಾಕೆ ಹೀಗಾಗುತ್ತದೆ ಅಂದರೆ, ಇದರೊಳಗೆ ಇರುವುದು ಮುಖ ಬಿಡಿಸುವ ವಿದ್ಯೆ. ವಂಶವಾಹಿಯ ಲೆಕ್ಕ ಇಲ್ಲಿ ಎಲ್ಲೂ ಇಲ್ಲ. 2014ರಲ್ಲಿ ಇಯಾನ್ ಗುಡ್‌ಫೆಲೋ ಮತ್ತು ಜೊತೆಗಾರರು ಗ್ಯಾನ್ ಎಂಬ ವಿಧಾನವನ್ನು ಮುಂದಿಟ್ಟರು. ಒಂದು ಪ್ರೋಗ್ರಾಂ ಚಿತ್ರ ಬಿಡಿಸುತ್ತದೆ, ಇನ್ನೊಂದು ಅದು ಅಸಲಿಯೋ ನಕಲಿಯೋ ಹೇಳುತ್ತದೆ. ಎರಡೂ ಒಂದನ್ನೊಂದು ಸೋಲಿಸಲು ನೋಡುತ್ತಾ ನೋಡುತ್ತಾ ಚಿತ್ರ ಅಸಲಿಯಂತೆ ಆಗುತ್ತಾ ಹೋಗುತ್ತದೆ. 2018ರ ಕೊನೆಗೆ ಎನ್‌ವಿಡಿಯಾ ಕಂಪನಿಯವರು ಸ್ಟೈಲ್‌ಗ್ಯಾನ್ ತಂದರು. ಇಲ್ಲದ ಮನುಷ್ಯರ ಮುಖಗಳು ಇದ್ದವರ ಮುಖದಂತೆಯೇ ಬರತೊಡಗಿದ್ದು ಅಲ್ಲಿಂದ. ಅದರಲ್ಲಿ ಪ್ರತಿಯೊಂದು ಮುಖವನ್ನೂ 512 ಸಂಖ್ಯೆಗಳ ಒಂದು ಸಾಲಾಗಿ ಬರೆದಿಡಬಹುದು. ಅಮ್ಮನ ಸಾಲು, ಅಪ್ಪನ ಸಾಲು ತೆಗೆದುಕೊಂಡು ನಡುವೆ ಎಲ್ಲೋ ಒಂದು ಸಾಲು ಹಿಡಿದು, ಅದನ್ನು ಸಣ್ಣ ಪ್ರಾಯದ ಕಡೆಗೆ ಜಾರಿಸಿದರೆ ಮಗುವಿನ ಮುಖ ಬರುತ್ತದೆ. ಇಷ್ಟೇ ಗುಟ್ಟು. ಈಚೆಗೆ ಬಂದ ಆ್ಯಪ್‌ಗಳಲ್ಲಿ ಡಿಫ್ಯೂಷನ್ ಎಂಬ ಇನ್ನೊಂದು ಬಗೆಯ ಎಐ ಕೂಡ ಉಂಟು, ಬರೀ ಚುಕ್ಕೆಗಳ ಗಲಿಬಿಲಿಯಿಂದ ಶುರುಮಾಡಿ ಸ್ವಲ್ಪ ಸ್ವಲ್ಪವೇ ಚಿತ್ರ ತೆಗೆಯುವುದು. ಆ ಗಲಿಬಿಲಿ ಪ್ರತಿ ಸಲವೂ ಹೊಸತು. ಅದಕ್ಕೇ ಪ್ರತಿ ಸಲವೂ ಹೊಸ ಮಗು. ಫೋನಿನಲ್ಲಿ ಉಚಿತವಾಗಿ ಸಿಗುವ ಚಾಟ್ ಎಐಗಳಿಗೆ ಇದೇ ಎರಡು ಫೋಟೋ ಕೊಟ್ಟು ಕೇಳಿದರೂ ಹೀಗೆಯೇ ಒಂದು ಚಂದದ ಮಗುವನ್ನು ಮಾಡಿಕೊಡುತ್ತವೆ. ನಿಜಕ್ಕೆ ಅದು ಹತ್ತಿರವೂ ಅಲ್ಲ, ದೂರವೂ ಅಲ್ಲ. ನಿಜದ ಜೊತೆ ಅದಕ್ಕೆ ಸಂಬಂಧವೇ ಇಲ್ಲ.

ನಿಜವಾದ ಮಗುವಿನ ಲೆಕ್ಕವೇ ಬೇರೆ. ಅಮ್ಮನಿಂದ 23 ಕ್ರೋಮೋಸೋಮ್ (ವಂಶವಾಹಿ ಅಂದರೆ ಜೀನ್‌ಗಳನ್ನು ಹೊತ್ತ ಎಳೆಗಳು), ಅಪ್ಪನಿಂದ 23. ಹೆತ್ತವರಲ್ಲಿ ಇವು ಜೋಡಿ ಜೋಡಿಯಾಗಿರುತ್ತವೆ, ಪ್ರತಿ ಜೋಡಿಯಲ್ಲಿ ಯಾವುದು ಹೋಗುತ್ತದೆ ಅನ್ನುವುದು ಚೀಟಿ ಎತ್ತಿದ ಹಾಗೆ. ಇದೊಂದರಿಂದಲೇ ಒಬ್ಬ ತಾಯಿಯಲ್ಲಿ 83,88,608 ಬಗೆಯ ಅಂಡಾಣು ಆಗಬಹುದು, ತಂದೆಯ ಕಡೆಯಿಂದಲೂ ಅಷ್ಟೇ. ಕ್ರೋಮೋಸೋಮ್‌ಗಳು ತಮ್ಮ ತಮ್ಮಲ್ಲೇ ತುಂಡು ಬದಲಾಯಿಸಿಕೊಳ್ಳುವುದನ್ನು ಇದರಲ್ಲಿ ಸೇರಿಸಿಲ್ಲ. ಮುಖದ ಆಕಾರಕ್ಕೆ ನೂರಾರು ಜೀನ್ ಕೈ ಸೇರಿಸುತ್ತವೆ. ಅಪ್ಪನ ಅಥವಾ ಅಮ್ಮನ ಮುಖದಲ್ಲಿ ಕಾಣದೆ ಒಳಗೆ ಕೂತದ್ದು ಮಗನಲ್ಲಿ ಎದ್ದು ಬರುತ್ತದೆ. ನಮ್ಮ ಮನೆಯಲ್ಲೇ ಅಣ್ಣನ ಹಣೆ ಹಾಗೆ ಬಂತು. ಫೋಟೋದಲ್ಲಿ ಇದ್ಯಾವುದೂ ಕಾಣುವುದಿಲ್ಲ. ಒಂದೇ ತಂದೆತಾಯಿಯ ಮಕ್ಕಳು ಒಬ್ಬರ ಹಾಗೆ ಇನ್ನೊಬ್ಬರು ಇರದೇ ಇರುವುದು ಇದರಿಂದಲೇ.

ಇನ್ನು ಬಣ್ಣ. ಈ ಆ್ಯಪ್‌ನ ಮೇಲೆ ನನಗೆ ಅತಿ ಹೆಚ್ಚು ಸಿಟ್ಟು ಬಂದದ್ದು ಇದಕ್ಕೆ.

ಭಾವ ಕಪ್ಪು. ತೋಟದಲ್ಲಿ ದುಡಿಯುವ ಮನುಷ್ಯ, ಚಂದದ ನಗು. ತಂಗಿ ಗೋಧಿ ಬಣ್ಣ. ಆ್ಯಪಿನ ಮಗು ಇಬ್ಬರಿಗಿಂತಲೂ ಬೆಳ್ಳಗೆ. ನಮ್ಮ ಅಪ್ಪ ಅಮ್ಮನ ಫೋಟೋ ಹಾಕಿದಾಗಲೂ ಬೆಳ್ಳಗೆ. ಪಕ್ಕದ ಮನೆಯವರು ಕುತೂಹಲಕ್ಕೆ ಕೊಟ್ಟ ಫೋಟೋದಲ್ಲಿ ಗಂಡ ಹೆಂಡತಿ ಇಬ್ಬರೂ ಕಪ್ಪು, ಮಗು ಆಗಲೂ ಬೆಳ್ಳಗೆ. ಕೂದಲಿಗೂ ಸ್ವಲ್ಪ ಕಂದು ಬಣ್ಣ ಬಳಿದಿತ್ತು. ಇದು ಆಕಸ್ಮಿಕ ಅಲ್ಲ. ಸ್ಟೈಲ್‌ಗ್ಯಾನ್‌ಗೆ ಮುಖ ಕಲಿಸಿದ್ದು ಫ್ಲಿಕರ್ ಎಂಬ ಫೋಟೋ ತಾಣದಿಂದ ತೆಗೆದ 70,000 ಮುಖಗಳಿಂದ. ಅಲ್ಲಿ ಯಾರ ಫೋಟೋ ಜಾಸ್ತಿ ಇತ್ತೋ ಅವರ ಒಲವೇ ಎಐಗೂ ಬರುತ್ತದೆ, ಅದನ್ನು ಮಾಡಿದವರೂ ಇದನ್ನು ಒಪ್ಪುತ್ತಾರೆ. ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ಪ್ರೋಗ್ರಾಂಗಳನ್ನು ಜಾಯ್ ಬುಲಾಮ್ವಿನಿ ಮತ್ತು ಟಿಮ್ನಿಟ್ ಗೆಬ್ರು 2018ರಲ್ಲಿ ಪರೀಕ್ಷೆ ಮಾಡಿದರು. ಬಿಳಿ ಬಣ್ಣದ ಗಂಡಸರ ವಿಷಯದಲ್ಲಿ ತಪ್ಪು ಹೆಚ್ಚೆಂದರೆ ಶೇ. 0.8. ಕಪ್ಪು ಬಣ್ಣದ ಹೆಂಗಸರ ವಿಷಯದಲ್ಲಿ ಶೇ. 34.7ರವರೆಗೆ. ಅದು ಬೇರೆ ಕೆಲಸದ ಪ್ರೋಗ್ರಾಂ, ಆದರೆ ಕಾಯಿಲೆ ಒಂದೇ. ಕಲಿಸುವಾಗ ಕಪ್ಪು ಮುಖ ತೋರಿಸಿದ್ದು ಕಡಿಮೆ.

ನಿಜದಲ್ಲಿ ಬಣ್ಣ ಹೇಗೆ ಬರುತ್ತದೆ? ಅದಕ್ಕೂ ಹಲವು ಜೀನ್‌ಗಳು ಬೇಕು. ಅದರಲ್ಲಿ ಎಸ್‌ಎಲ್‌ಸಿ24ಎ5 ಎಂಬುದರ ಪಾಲು ನಮ್ಮ ದೇಶದವರಲ್ಲಿ ದೊಡ್ಡದು. ಹಾಗಾಗಿ ಮಗು ಅಪ್ಪ ಅಮ್ಮ ಇಬ್ಬರಿಗಿಂತ ಬೆಳ್ಳಗೂ ಆಗಬಹುದು, ಇಬ್ಬರಿಗಿಂತ ಕಪ್ಪಗೂ ಆಗಬಹುದು. ಹುಟ್ಟಿದ ದಿನ ಕಂಡ ಬಣ್ಣ ಉಳಿಯುವುದೂ ಇಲ್ಲ. ಚರ್ಮದಲ್ಲಿ ಬಣ್ಣ ಕೊಡುವ ಮೆಲನಿನ್ ತುಂಬುವುದಕ್ಕೆ ಕೆಲವು ತಿಂಗಳು ಹಿಡಿಯುತ್ತದೆ. ನಮ್ಮ ಅಜ್ಜಿಯಂದಿರು ಬಾಣಂತಿ ಕೋಣೆಗೆ ಬಂದು ಮಗುವಿನ ಕಿವಿಯ ಅಂಚು ನೋಡಿ "ಮುಂದೆ ಈ ಬಣ್ಣ ಬರ್ತದೆ" ಅನ್ನುತ್ತಿದ್ದದ್ದು ಅದಕ್ಕೇ.

ಈಗ ಆ ಸೀಮಂತದ ಚಿತ್ರಕ್ಕೆ ಏನಾಯ್ತು ಅಂತ ಕೇಳಿ. ಅರ್ಧ ಗಂಟೆಯೊಳಗೆ ಮನೆಯವರ ವಾಟ್ಸ್ಆ್ಯಪ್ ಗ್ರೂಪಿಗೆ ಬಂತು. ನಮ್ಮಲ್ಲಿ ಗ್ರೂಪ್ ಅಂದರೆ ತುಳು, ಕನ್ನಡ, ಮಲಯಾಳ ಮೂರೂ ಸೇರಿದ್ದು. ಮೂರೂ ಭಾಷೆಯಲ್ಲಿ ಒಂದೇ ಮಾತು ಬಂತು: ಸದ್ಯ, ಅಪ್ಪನ ಬಣ್ಣ ಬರಲಿಲ್ಲ. ಒಬ್ಬರು ಅಂದರು, ಹತ್ತು ಜನ ನಗುವ ಇಮೋಜಿ ಹಾಕಿದರು. ಭಾವ ಏನೂ ಹೇಳಲಿಲ್ಲ. ಅವರು ಹಾಗೆ ಎಲ್ಲದಕ್ಕೂ ಮಾತಾಡುವವರಲ್ಲ. ಆದರೆ ಆ ದಿನ ನೆಂಟರನ್ನು ಬಸ್ಸಿಗೆ ಬಿಡಲು ಹೋದವರು ತುಂಬ ತಡವಾಗಿ ಬಂದರು. ಯಾರಿಗೂ ಕೆಟ್ಟ ಮನಸ್ಸು ಇರಲಿಲ್ಲ ಅಂತ ನನಗೆ ಗೊತ್ತು. ಆ ಚಿತ್ರ ಕೈಗೆ ಬರದೇ ಇದ್ದಿದ್ದರೆ ಆ ಮಾತಿಗೆ ಜಾಗವೇ ಇರುತ್ತಿರಲಿಲ್ಲ. ರಾತ್ರಿ ತಂಗಿ ಫೋನ್ ಮಾಡಿದಳು.

"ಅಕ್ಕ, ಮಗು ಕಪ್ಪಗೆ ಹುಟ್ಟಿದರೆ ಇವರೆಲ್ಲ ಎಂತ ಹೇಳಬಹುದು?"

ಏಳು ತಿಂಗಳ ಬಸುರಿ ಕೇಳಬೇಕಾದ ಪ್ರಶ್ನೆಯಾ ಇದು? ಹಾಲಿಗೆ ಕೇಸರಿ ಹಾಕಿ ಕುಡಿ, ಮಗು ಬೆಳ್ಳಗಾಗ್ತದೆ ಅನ್ನುವ ಮಾತು ನಮ್ಮಲ್ಲಿ ಮೊದಲೇ ಉಂಟು. ಅದಕ್ಕೆ ಯಾವ ಆಧಾರವೂ ಇಲ್ಲ ಅಂತ ಡಾಕ್ಟರ್ ಹೇಳಿ ಹೇಳಿ ಸಾಕಾಗಿದೆ. ಈಗ ಅದೇ ಆಸೆಗೆ ಆ್ಯಪ್ ಒಂದು ಫೋಟೋವನ್ನೇ ಮಾಡಿಕೊಟ್ಟಿತು. ಮಾತಾದರೆ ಗಾಳಿಗೆ ಹೋಗುತ್ತದೆ. ಫೋಟೋ ಫೋನಿನಲ್ಲಿ ಉಳಿಯುತ್ತದೆ. ನಾಳೆ ನಿಜವಾದ ಮಗು ಬಂದಾಗ ಪಕ್ಕದಲ್ಲಿಟ್ಟು ನೋಡುವವರು ಇದ್ದೇ ಇರುತ್ತಾರೆ.

ಬಸುರಿಯ ಕೋಣೆಯಲ್ಲಿ ಚಂದದ ಮಗುವಿನ ಕ್ಯಾಲೆಂಡರ್ ತೂಗುಹಾಕುವುದು ನಮ್ಮಲ್ಲಿ ಹೊಸದಲ್ಲ. ನನ್ನ ಅಮ್ಮನ ಕೋಣೆಯಲ್ಲೂ ಇತ್ತಂತೆ, ಬೆಣ್ಣೆ ಹಿಡಿದ ಬಾಲಕೃಷ್ಣನದ್ದು. ದಿನಾ ನೋಡಿದರೆ ಮನಸ್ಸಿಗೆ ಖುಷಿ, ಅಷ್ಟೇ. ನಾನು ಹುಟ್ಟಿದ ಮೇಲೆ ಯಾರೂ ನನ್ನನ್ನು ಎತ್ತಿ ಆ ಕ್ಯಾಲೆಂಡರಿನ ಪಕ್ಕ ಹಿಡಿದು, "ಇವಳು ಹೀಗಿಲ್ಲವಲ್ಲ" ಅನ್ನಲಿಲ್ಲ. ಆ ಚಿತ್ರ ಯಾರ ಮಗುವೂ ಆಗಿರಲಿಲ್ಲ. ಆ್ಯಪ್ ಮಾತ್ರ ಚಿತ್ರದ ಕೆಳಗೆ "ನಿಮ್ಮ ಮಗು" ಅಂತಲೇ ಬರೆಯುತ್ತದೆ. ಎರಡಕ್ಕೂ ಇರುವ ವ್ಯತ್ಯಾಸ ಅಲ್ಲಿದೆ.

ಇನ್ನೊಂದು ಮಾತು ಹೇಳಲೇಬೇಕು, ಇದು ನಮ್ಮ ಊರಿನ ಮಾತು. ತಂಗಿಯ ಅತ್ತೆ ಹುಟ್ಟಿ ಬೆಳೆದದ್ದು ಎಣ್ಮಕಜೆ ಪಂಚಾಯತಿನಲ್ಲಿ. ಆ ದಿನ ಎಲ್ಲರೂ ನೋಡಿದ ಮೇಲೆ ಫೋನ್ ಅವರ ಕೈಗೂ ಹೋಯಿತು. ಕನ್ನಡಕ ಹಾಕಿಕೊಂಡು ನೋಡಿದರು. ಆಮೇಲೆ ಬೆರಳಿನಿಂದ ಚಿತ್ರವನ್ನು ಮೇಲಕ್ಕೆ ಸರಿಸಲು ನೋಡಿದರು, ಕೆಳಗೆ ಇನ್ನೂ ಏನಾದರೂ ಉಂಟಾ ಅಂತ. "ಮುಖ ಮಾತ್ರವಾ? ಕೈಕಾಲು ತೋರಿಸುದಿಲ್ವಾ?" ಅಂತ ಕೇಳಿದರು. ಹುಡುಗರಿಗೆ ಆ ಪ್ರಶ್ನೆಯ ಭಾರ ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು. ಪ್ಲಾಂಟೇಶನ್ ಕಾರ್ಪೊರೇಷನ್ನಿನ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಊರು ಅದು. ಅಲ್ಲಿ ಎಂಥ ಮಕ್ಕಳು ಹುಟ್ಟಿದರು, ಅವರ ತಾಯಂದಿರು ಹೇಗೆ ಬದುಕಿದರು ಅನ್ನುವುದನ್ನು ವಾಣಿನಗರದ ಡಾಕ್ಟರ್ ವೈ.ಎಸ್. ಮೋಹನ ಕುಮಾರ್, ಪತ್ರಕರ್ತ ಶ್ರೀಪಡ್ರೆ ಮೊದಲಾದವರು ವರ್ಷಗಟ್ಟಲೆ ಹೇಳಬೇಕಾಯಿತು. ಸುಪ್ರೀಂ ಕೋರ್ಟ್ ದೇಶದಲ್ಲೆಲ್ಲ ಅದನ್ನು ತಡೆದದ್ದು 2011ರ ಮೇ ತಿಂಗಳಲ್ಲಿ. ಎಣ್ಮಕಜೆ, ಬೆಳ್ಳೂರು, ಕುಂಬಡಾಜೆ, ಬದಿಯಡ್ಕ, ಕಾರಡ್ಕ ಅಂತ ಹೆಸರು ಹೇಳಿದರೆ ನಮ್ಮ ಕಡೆಯ ಹೆಂಗಸರಿಗೆ ಈಗಲೂ ಹೊಟ್ಟೆಯಲ್ಲಿ ಒಂದು ಅಳುಕು ಉಂಟು. ಆ ಅತ್ತೆಗೆ ಮೊಮ್ಮಗುವಿನ ಮೂಗು ಹೇಗಿದೆ ಅನ್ನುವುದು ಯಾವತ್ತೂ ಪ್ರಶ್ನೆಯೇ ಆಗಿರಲಿಲ್ಲ. ತಂಗಿಗೆ ಐದನೇ ತಿಂಗಳಲ್ಲಿ ಮಂಗಳೂರಿನಲ್ಲಿ ಅಂಗಾಂಗ ನೋಡುವ ಸ್ಕ್ಯಾನಿಂಗ್ ಮಾಡಿಸಿದಾಗ ಡಾಕ್ಟರ್ ಎಲ್ಲ ಸರಿ ಇದೆ ಅಂದ ಕೂಡಲೇ ಆಸ್ಪತ್ರೆಯ ಮೆಟ್ಟಿಲಲ್ಲೇ ಕೂತು ಅತ್ತವರು ಅವರು.

ಆ್ಯಪ್‌ಗೆ ಒಂದೇ ಬಗೆಯ ಮಗು ಗೊತ್ತು. ಮೆಳ್ಳೆಗಣ್ಣಿನ ಮಗು, ಸೀಳುತುಟಿಯ ಮಗು, ಡೌನ್ ಸಿಂಡ್ರೋಮ್ ಇರುವ ಮಗು ಅದರಲ್ಲಿ ಯಾವತ್ತೂ ಬರುವುದಿಲ್ಲ. ಬರಬೇಕು ಅಂತ ನಾನು ಹೇಳುತ್ತಿಲ್ಲ, ಬಂದರೆ ಬಸುರಿಯ ಗತಿ ಏನು! ಆದರೆ ಅಂಥ ಮಕ್ಕಳನ್ನು ಎತ್ತಿ ಆಡಿಸುವ ಮನೆಗಳು ಇಲ್ಲಿ ನಮ್ಮ ಸುತ್ತ ಇವೆ. ಮಗು ಅಂದರೆ ಹೀಗೇ ಇರಬೇಕು ಅಂತ ಒಂದು ಅಚ್ಚು ಮಾಡಿ ಎಲ್ಲರ ಫೋನಿಗೂ ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಗಂಡೋ ಹೆಣ್ಣೋ ಅನ್ನುವ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಫೋಟೋ ಹಾಕಿದ ಮೇಲೆ ಆ್ಯಪ್ ಕೇಳುತ್ತದೆ: ಗಂಡು, ಹೆಣ್ಣು, ಅಥವಾ ಯಾವುದಾದರೂ. ನಮ್ಮ ಹುಡುಗ ಮೂರನೆಯದನ್ನು ಒತ್ತಿದ್ದ. ಗಂಡು ಬಂತು. ಕೂಡಲೇ ಒಬ್ಬರು "ಗಂಡೇ ಅಂತೆ" ಅಂತ ಶುರುಮಾಡಿದರು. ಆ್ಯಪ್‌ಗೆ ಹೊಟ್ಟೆಯೊಳಗಿನ ಸುದ್ದಿ ಏನೂ ಗೊತ್ತಿಲ್ಲ, ಅದು ಸುಮ್ನೆ ಒಂದನ್ನು ಆರಿಸಿದೆ. ನಮ್ಮ ದೇಶದಲ್ಲಿ ಭ್ರೂಣದ ಲಿಂಗ ಪತ್ತೆ ಮಾಡುವುದು 1994ರ ಕಾನೂನಿನ ಪ್ರಕಾರ ಅಪರಾಧ. ಅಂಥ ಜಾಹೀರಾತು ತೋರಿಸಬಾರದು ಅಂತ ಗೂಗಲ್, ಯಾಹೂ, ಮೈಕ್ರೋಸಾಫ್ಟ್‌ನವರಿಗೂ ಸುಪ್ರೀಂ ಕೋರ್ಟ್ ಹೇಳಿದೆ, ಸಾಬು ಮ್ಯಾಥ್ಯೂ ಜಾರ್ಜ್ ಹಾಕಿದ ಕೇಸಿನಲ್ಲಿ. ಈ ಆ್ಯಪ್ ಬರೀ ಚಿತ್ರ ಬಿಡಿಸುವುದರಿಂದ ಪತ್ತೆ ಮಾಡಿದಂತೆ ಆಗುವುದಿಲ್ಲ. ಆದರೂ ಹೆಣ್ಣು ಬೇಡ ಅನ್ನುವ ಮನೆಯಲ್ಲಿ ಈ ಚಿತ್ರ ಯಾವ ಮಾತಿಗೆ ದಾರಿ ಮಾಡಬಹುದು ಅಂತ ನೀವೇ ಯೋಚಿಸಿ.

ದುಡ್ಡಿನ ವಿಷಯಕ್ಕೆ ಬರೋಣ. ಇಳಿಸಿಕೊಳ್ಳುವಾಗ ಉಚಿತ ಅಂತಲೇ ಇರುತ್ತದೆ. ಫೋಟೋ ಹಾಕಿ, ಕಾದು, ಚಿತ್ರ ಬರುವ ಹೊತ್ತಿಗೆ ಅದು ಮಸುಕು ಮಸುಕು. ಸ್ಪಷ್ಟವಾಗಿ ಕಾಣಬೇಕಾದರೆ ಮೂರು ದಿನದ ಟ್ರಯಲ್ ತೆಗೆದುಕೊಳ್ಳಬೇಕು, ಅದಕ್ಕೆ ಯುಪಿಐ ಆಟೋಪೇಗೆ, ಅಂದರೆ ದುಡ್ಡು ತಾನಾಗಿಯೇ ಕತ್ತರಿಸಿಕೊಳ್ಳುವುದಕ್ಕೆ, ಒಪ್ಪಿಗೆ ಕೊಡಬೇಕು. ಮೂರು ದಿನ ಕಳೆದ ಮೇಲೆ ವಾರಕ್ಕೆ 399 ರೂಪಾಯಿ. ವಾರಕ್ಕೆ, ತಿಂಗಳಿಗಲ್ಲ! ಮರೆತು ಬಿಟ್ಟರೆ ವರ್ಷಕ್ಕೆ 20,748 ರೂಪಾಯಿ ಆಯಿತು. ಎರಡು ಸಲ ನೋಡಿ ಮುಗಿಯುವ ಆಟಕ್ಕೆ ವಾರದ ಚಂದಾ ಯಾಕೆ ಬೇಕು? ಜನ ಮರೆಯುತ್ತಾರೆ ಅನ್ನುವುದರ ಮೇಲೆಯೇ ನಿಂತ ವ್ಯಾಪಾರ ಇದು. ಚಿತ್ರ ತೆರೆಯುವ ಸ್ವಲ್ಪ ಮೊದಲು ಸ್ಟಾರ್ ಕೊಡಿ ಅಂತಲೂ ಕೇಳುತ್ತದೆ. ನೋಡುವ ಆತುರದಲ್ಲಿ ಎಲ್ಲರೂ ಐದು ಒತ್ತಿಬಿಡುತ್ತಾರೆ. ಸ್ಟೋರ್‌ನಲ್ಲಿ ಕಾಣುವ ಸ್ಟಾರ್‌ಗಳನ್ನು ಓದುವಾಗ ಇದನ್ನು ನೆನಪಿಡಿ.

ಚಿಕ್ಕಪ್ಪನ ಮಗ ಆ್ಯಪ್ ಅಳಿಸಿ ಹಾಕಿದ್ದ, ಆದರೂ ದುಡ್ಡು ಹೋಯಿತು. ಅಳಿಸಿದರೆ ಚಂದಾ ನಿಲ್ಲುವುದಿಲ್ಲ, ಇದು ತುಂಬ ಜನಕ್ಕೆ ಗೊತ್ತಿಲ್ಲ. ಪ್ಲೇ ಸ್ಟೋರ್ ತೆರೆದು ಮೇಲೆ ಬಲಗಡೆ ನಿಮ್ಮ ಚಿತ್ರ ಒತ್ತಿ, ಪೇಮೆಂಟ್ಸ್ ಮತ್ತು ಸಬ್‌ಸ್ಕ್ರಿಪ್ಷನ್ಸ್ ಒಳಗೆ ಹೋಗಿ ಅಲ್ಲಿಂದ ರದ್ದು ಮಾಡಬೇಕು. ಯುಪಿಐ ಆ್ಯಪ್‌ನಲ್ಲಿ ಆಟೋಪೇ ಅನ್ನುವ ಜಾಗದಲ್ಲೂ ಆ ಒಪ್ಪಿಗೆ ಕಾಣುತ್ತದೆ, ಅದನ್ನೂ ತೆಗೆಯಿರಿ. ರಿಸರ್ವ್ ಬ್ಯಾಂಕಿನ ನಿಯಮದಂತೆ ದುಡ್ಡು ಕತ್ತರಿಸುವ 24 ಗಂಟೆ ಮೊದಲು ಮೆಸೇಜ್ ಬರಬೇಕು, ಬರುತ್ತದೆ ಕೂಡ, ಆದರೆ ಹತ್ತಾರು ಮೆಸೇಜ್ ನಡುವೆ ಯಾರು ಓದುತ್ತಾರೆ? ಸಾಮಾನ್ಯ ಚಂದಾಗಳಿಗೆ 15,000 ರೂಪಾಯಿವರೆಗೆ ಪ್ರತಿ ಸಲ ಒಟಿಪಿ ಕೇಳುವುದೂ ಇಲ್ಲ. ದುಡ್ಡು ಹೋಗಿ 48 ಗಂಟೆ ಆಗಿರದಿದ್ದರೆ ಗೂಗಲ್ ಪ್ಲೇಯಲ್ಲೇ ವಾಪಸು ಕೇಳಿ. ಹುಡುಗನಿಗೆ ಹಾಗೆ ಕೇಳಿ ಸಿಕ್ಕಿತು.

ಫೋಟೋ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನೂ ನೋಡಿದೆ. ಆ್ಯಪ್‌ನ ಭಾಷೆಗಳಲ್ಲಿ ಕನ್ನಡ ಇಲ್ಲ. ಅರ್ಜಿಯಿಂದ ಹಿಡಿದು ಬಸ್ಸಿನ ಬೋರ್ಡಿನವರೆಗೆ ನಮ್ಮ ಭಾಷೆಗಾಗಿ ಕಾದು ಅಭ್ಯಾಸ ಇರುವ ಊರಿನವಳು ನಾನು, ಅದಕ್ಕೆ ಇಂಗ್ಲಿಷಿನ ನಿಬಂಧನೆಯನ್ನೇ ಕೂತು ಓದಿದೆ. ಫೋಟೋ ಅವರ ಸರ್ವರಿಗೆ ಹೋಗುತ್ತದೆ. ಸ್ವಲ್ಪ ದಿನದ ನಂತರ ಅಳಿಸುತ್ತೇವೆ ಅನ್ನುತ್ತಾರೆ. ಅದೇ ಪುಟದ ಕೆಳಗೆ, ಸೇವೆಯನ್ನು ಉತ್ತಮಗೊಳಿಸಲು ಬಳಸಬಹುದು ಅಂತಲೂ ಬರೆದಿದ್ದಾರೆ. 2019ರಲ್ಲಿ ಫೇಸ್‌ಆ್ಯಪ್ ಹಾಕಿ ಎಲ್ಲರೂ ಮುದುಕರಾದ ಚಿತ್ರ ಹಂಚಿಕೊಂಡದ್ದು ನೆನಪಿದೆಯಾ? ಆಗ ಅದರ ನಿಬಂಧನೆಯಲ್ಲಿ ಫೋಟೋದ ಮೇಲೆ ಕೊನೆಯಿಲ್ಲದ, ವಾಪಸು ಪಡೆಯಲಾಗದ ಹಕ್ಕು ಬರೆದುಕೊಂಡಿದ್ದಾರೆ ಅಂತ ದೊಡ್ಡ ಗಲಾಟೆ ಆಗಿತ್ತು. ಪಾಸ್‌ವರ್ಡ್ ಹೋದರೆ ಬದಲಾಯಿಸಬಹುದು, ಮುಖ ಬದಲಾಯಿಸಲು ಆಗುವುದಿಲ್ಲ. ನಮ್ಮಲ್ಲೂ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾನೂನು ಬಂದಿದೆ. ಹಂತ ಹಂತವಾಗಿ ಜಾರಿಯಾಗುವ ಆ ಕಾನೂನಿನಲ್ಲಿ ಬರೆದಂತೆ ಒಪ್ಪಿಗೆ ಕೇಳಬೇಕು, ಕೊಟ್ಟ ಒಪ್ಪಿಗೆಯನ್ನು ವಾಪಸು ತೆಗೆದುಕೊಳ್ಳುವ ಹಕ್ಕೂ ನಮಗೆ ಉಂಟು. 18 ವರ್ಷದೊಳಗಿನವರ ವಿಷಯದಲ್ಲಿ ಹೆತ್ತವರ ಒಪ್ಪಿಗೆ ಬೇಕೇ ಬೇಕು. ಈ ಆ್ಯಪ್ "ನಿಮ್ಮ ಮೊದಲ ಮಗುವಿನ ಫೋಟೋ ಹಾಕಿ, ತಮ್ಮ ತಂಗಿ ಹೇಗಿರುತ್ತಾರೆ ನೋಡಿ" ಅಂತ ಇನ್ನೊಂದು ಆಟವನ್ನೂ ಇಟ್ಟಿದೆ. ಅದಕ್ಕೆ ಮಾತ್ರ ಕೈಹಾಕಬೇಡಿ.

ಮಕ್ಕಳಿಗಾಗಿ ವರ್ಷಗಟ್ಟಲೆ ಕಾಯುತ್ತಿರುವವರ ಫೋನಿಗೂ ಇದರ ಜಾಹೀರಾತು ಹೋಗುತ್ತದೆ. ನನ್ನ ಜೊತೆ ಕೆಲಸ ಮಾಡುವ ಒಬ್ಬರು ಚಿಕಿತ್ಸೆಗಾಗಿ ಮಂಗಳೂರಿಗೆ ಓಡಾಡುತ್ತಿದ್ದಾರೆ. ಆ ಬಗ್ಗೆ ಗೂಗಲ್‌ನಲ್ಲಿ ಹುಡುಕಿದ ದಿನದಿಂದ ಈ ಆ್ಯಪ್‌ಗಳು ಬೆನ್ನು ಬಿಟ್ಟಿಲ್ಲ ಅಂತ ಹೇಳಿದರು. ನಗುವ ಮಗುವಿನ ಮುಖ, ಕೆಳಗೆ ಒಂದು ಬಟನ್. ಅವರು ಅದನ್ನು ಹೇಳಿದ ರೀತಿ ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಜಾಹೀರಾತಿನ ಮೂಲೆಯಲ್ಲಿರುವ ಮೂರು ಚುಕ್ಕೆ ಒತ್ತಿ ಇಂಥದ್ದು ಬೇಡ ಅಂತ ಹೇಳಬಹುದು, ಗೂಗಲ್‌ನ ಜಾಹೀರಾತು ಸೆಟ್ಟಿಂಗ್‌ನಲ್ಲಿ ಬಸುರಿ ಮತ್ತು ಮಕ್ಕಳ ವಿಷಯವನ್ನು ಕಡಿಮೆ ಮಾಡುವ ಆಯ್ಕೆಯೂ ಉಂಟು. ಅವರಿಗೆ ಅದನ್ನು ಮಾಡಿಕೊಟ್ಟೆ.

ಇಷ್ಟಾದರೂ ನೋಡಲೇಬೇಕು ಅನ್ನುವವರಿಗೆ: ಇಬ್ಬರೂ ಒಪ್ಪಿದರೆ ಮಾತ್ರ ಮಾಡಿ. ಕುಂಕುಮ, ಮೂಗುತಿ, ಕನ್ನಡಕ ಇಲ್ಲದ, ಕಿಟಕಿ ಬೆಳಕಿನಲ್ಲಿ ನೇರ ನೋಡುವ ಫೋಟೋ ಕೊಡಿ, ಚಿತ್ರ ಸ್ವಲ್ಪ ಚೆನ್ನಾಗಿ ಬರುತ್ತದೆ. ದುಡ್ಡು ಕೊಡುವ ಬದಲು ನೀವು ಈಗಾಗಲೇ ಬಳಸುವ ಚಾಟ್ ಎಐಯನ್ನೇ ಕೇಳಿ, ಅಪ್ಪ ಅಮ್ಮನ ಬಣ್ಣವನ್ನು ಬದಲಾಯಿಸಬೇಡ ಅಂತ ಬರೆದರೆ ಅದು ಬಹಳ ಮಟ್ಟಿಗೆ ಕೇಳುತ್ತದೆ. ಒಂದೇ ಚಿತ್ರಕ್ಕೆ ನಿಲ್ಲಬೇಡಿ, ಬೇರೆ ಬೇರೆ ಮಾಡಿಸಿ, ಆಗ ಯಾವುದೂ ಮನಸ್ಸಿನಲ್ಲಿ ಕೂರುವುದಿಲ್ಲ. ಗ್ರೂಪಿಗೆ ಹಾಕಬೇಡಿ.

ತಂಗಿ ಆ ಚಿತ್ರವನ್ನು ತನ್ನ ಫೋನಿನಿಂದ ಅಳಿಸಿದ್ದಾಳೆ. ಗ್ರೂಪಿನಿಂದಲೂ ತೆಗೆಯಲು ಹೇಳಿದೆ, ಹುಡುಗ ಮರುಮಾತಾಡದೆ ತೆಗೆದ. ಭಾವನ ಬಾಲ್ಯದ ಫೋಟೋ ಒಂದನ್ನು ಅತ್ತೆ ಪೆಟ್ಟಿಗೆಯಿಂದ ಹುಡುಕಿ ಕೊಟ್ಟಿದ್ದಾರೆ, ಅದನ್ನು ತಂಗಿ ಕೋಣೆಯಲ್ಲಿ ಇಟ್ಟುಕೊಂಡಿದ್ದಾಳೆ.

ಆ್ಯಪ್ ಮಾಡಿದವರಿಗೆ ಮೂರು ವಿಷಯ ಬರೆದು ಕಳಿಸಿದ್ದೇನೆ. ಅಪ್ಪ ಅಮ್ಮನ ಬಣ್ಣಕ್ಕಿಂತ ಬೆಳ್ಳಗೆ ಮಾಡುವುದನ್ನು ನಿಲ್ಲಿಸಿ. ಪ್ರತಿ ಚಿತ್ರದ ಮೇಲೂ ಇದು ಕಲ್ಪನೆಯ ಮುಖ ಅಂತ ಅಳಿಸಲಾಗದ ಹಾಗೆ ಬರೆಯಿರಿ, "ನಿಮ್ಮ ಮಗು" ಅನ್ನುವುದನ್ನು ತೆಗೆಯಿರಿ. ವಾರದ ಚಂದಾ ಬಿಟ್ಟು ಒಂದು ಚಿತ್ರಕ್ಕೆ ಇಷ್ಟು ಅಂತ ದರ ಇಡಿ. ಸ್ಟೋರ್‌ನಲ್ಲಿ ನಾನು ಕೊಟ್ಟದ್ದು ಎರಡು ಸ್ಟಾರ್: ಒಂದು ಚಿತ್ರದ ಅಚ್ಚುಕಟ್ಟಿಗೆ, ಇನ್ನೊಂದು ಹಾಕಿದ ಫೋಟೋಗಳನ್ನು ಅಳಿಸುವ ಬಟನ್ ಹುಡುಕದೆಯೇ ಸಿಕ್ಕಿದ್ದಕ್ಕೆ. ಆ ಮೂರೂ ಸರಿಯಾದರೆ ಇನ್ನೊಂದು ಸೇರಿಸುತ್ತೇನೆ ಅಂತಲೂ ಬರೆದಿದ್ದೇನೆ.